1.2 ಮೀಟರ್ ಆಳದ ಕಡೆ ವಾಟರ್ ಪೋಲೊ ಗೋಲ್ ಎಷ್ಟು ಎತ್ತರ ಇಡಬೇಕು? (ತುಮಕೂರು, ಪುರುಷರ ಪಂದ್ಯಾವಳಿ)

ಅಮಾನಿಕೆರೆ_ದಂಡೆ

ತುಮಕೂರಲ್ಲಿ ನಾಲ್ಕು ಪುರುಷರ ತಂಡ ಸೇರಿಸಿ ವಾಟರ್ ಪೋಲೊ ಪಂದ್ಯಾವಳಿ ನಡೆಸೋ ತಯಾರಿ ನಡೀತಿದೆ. ಈಜುಕೊಳ 50 ಮೀಟರ್ ಉದ್ದ, 21 ಮೀಟರ್ ಅಗಲ. ಒಂದು ತುದಿ 1.2 ಮೀಟರ್ ಆಳ, ಇನ್ನೊಂದು 1.8. ತಳ ಒಂದೇ ಸಮನೆ ಇಳಿಜಾರು. 2025ರ ಸಿಂಗಪುರ ವಿಶ್ವ ಚಾಂಪಿಯನ್‌ಷಿಪ್ ನೋಡಿದ ಹುಡುಗರೆಲ್ಲ ‘ಅಂತಾರಾಷ್ಟ್ರೀಯ ನಿಯಮಾನೇ ಇರಲಿ’ ಅಂತ ಪಟ್ಟು ಹಿಡಿದಿದಾರೆ. ಎರಡೂ ಕಡೆ ಗೋಲ್ ನೀರಿನಿಂದ 90 ಸೆಂ.ಮೀ. ಇಟ್ಟರೆ ಸಾಕಾ? ಅಂಕಣ ಎಲ್ಲಿ ಹಾಕೋದು? ಗೋಲ್ ಇಲ್ಲೇ ಮಾಡಿಸಬಹುದಾ? ಶಾಟ್ ಹೊಡೆಯೋಕೆ ಕೊಡೋ ಗಡಿಯಾರ 25 ಸೆಕೆಂಡಾ, 30ರದ್ದಾ? ತಿಳಿದವರು ಹೇಳಿ ಸರ್.

ಸೀಟಿ_ಮೇಷ್ಟ್ರು

ಮೊದಲು ಎತ್ತರದ ವಿಷಯ. ಆಳ 1.5 ಮೀಟರ್ ಅಥವಾ ಜಾಸ್ತಿ ಇದ್ದರೆ ಅಡ್ಡಪಟ್ಟಿಯ ತಳಭಾಗ ನೀರಿನಿಂದ 0.90 ಮೀಟರ್. ಅದಕ್ಕಿಂತ ಕಡಿಮೆ ಆಳ ಇದ್ದರೆ ಲೆಕ್ಕ ನೀರಿನಿಂದಲ್ಲ, ಕೊಳದ ತಳದಿಂದ: 2.40 ಮೀಟರ್. ಅಂದರೆ ನಿಮ್ಮ 1.2ರ ತುದೀಲಿ ಗೋಲ್ ನೀರಿನ ಮೇಲೆ 1.20 ಮೀಟರ್ ನಿಲ್ಲಬೇಕು. ಅಲ್ಲಿ 90ಕ್ಕೆ ಇಟ್ಟರೆ ಗೋಲಿ (ಗೋಲ್‌ಕೀಪರ್) ತಳದ ಮೇಲೆ ನಿಂತುಕೊಂಡೇ ಪೂರ್ತಿ ಮುಚ್ಚಿಬಿಡ್ತಾನೆ. 6 ಮೀಟರ್ ಒಳಗೆ ನಿಲ್ಲೋದು, ತಳ ಒದ್ದು ಜಿಗಿಯೋದು, ಎರಡೂ ಕೈಲಿ ಚೆಂಡು ಹಿಡಿಯೋದು, ಮುಷ್ಟಿಯಿಂದ ಗುದ್ದೋದು ಎಲ್ಲಾ ಅವನಿಗೆ ಮಾತ್ರ ಇರೋ ರಿಯಾಯಿತಿ.

ಆದರೆ ಆ ತುದಿಗೆ ಹೋಗೋದೇ ಬೇಡ. ಪುರುಷರ ಅಂಕಣ ಮೊದಲು 30 ಮೀಟರ್ ಇತ್ತು, 2025ರಿಂದ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ 25 ಆಯ್ತು. ನಿಮಗೆ ಇದು ವರ. ಆಳದ ಅರ್ಧ ಕೊಳ ಸಾಕು. ತಳ 50 ಮೀಟರಿಗೆ 60 ಸೆಂ.ಮೀ. ಏರುತ್ತೆ, ಮೀಟರಿಗೆ 1.2 ಸೆಂ.ಮೀ. ಆಳದ ಗೋಡೆಯಿಂದ 1 ಮೀಟರ್ ಬಿಟ್ಟು ಮೊದಲ ಗೋಲ್ ಗೆರೆ ಹಾಕಿ. ಅಲ್ಲಿಂದ 25 ಪೂರ್ತಿ ಅಳೆದರೆ ಎರಡನೇ ಗೆರೆ ಹತ್ತಿರ ಆಳ 1.49ಕ್ಕೆ ಇಳಿಯುತ್ತೆ, ಆಗ ಮತ್ತೆ 2.40ರ ತಕರಾರು ಏಳುತ್ತೆ. 24ಕ್ಕೆ ನಿಲ್ಲಿಸಿ, ಸರಿಯಾಗಿ 1.50 ಸಿಗುತ್ತೆ. ಇದೆಲ್ಲ ನೀರು ಅಂಚಿನವರೆಗೆ ತುಂಬಿದ್ದರೆ ಮಾತ್ರ. ಬೇಸಿಗೇಲಿ ಎರಡು ದಿನ ಮೋಟರ್ ಓಡಿಸದಿದ್ದರೆ ಮಟ್ಟ ಇಳಿದು ಅಳತೆ ಕೆಡುತ್ತೆ. ಪಂದ್ಯದ ಬೆಳಿಗ್ಗೆ ಕೋಲು ಇಳಿಸಿ ಅಳೀರಿ.

ಅಗಲ 20 ಮೀಟರ್ ಮೀರಬಾರದು. ಎರಡೂ ಪಕ್ಕ ಅರ್ಧರ್ಧ ಮೀಟರ್ ಒಳಗೆ ಲೇನ್ ಹಗ್ಗ ಎಳೆದರೆ ಗೋಡೆ ಹಿಡಿದು ಸುಧಾರಿಸಿಕೊಳ್ಳೋದೂ ತಪ್ಪುತ್ತೆ. ಗುರುತು: ಗೋಲ್ ಗೆರೆ, ನಡುಗೆರೆ ಬಿಳಿ. 2 ಮೀಟರ್ ಕೆಂಪು. 6 ಮೀಟರ್ ಹಳದಿ. ಪೆನಾಲ್ಟಿ ಮಾತ್ರ 5 ಮೀಟರಿಂದಲೇ. ಹಳೇ ಪುಸ್ತಕ ನೋಡಿ ಹಳದಿಯನ್ನ 5ಕ್ಕೆ ಹಾಕೋರು ಇನ್ನೂ ಇದಾರೆ.

ಕೋಲಾರ_ಕ್ಯಾಪ್13

ಮೇಷ್ಟ್ರೇ, ನಾನು ಒಪ್ಪಲ್ಲ. 1.5 ಮೀಟರಲ್ಲಿ ಆರಡಿ ಆಳು ಆರಾಮಾಗಿ ನಿಂತು ಪಾಸ್ ಕೊಡ್ತಾನೆ, ರೆಫರಿಗೆ ಕಾಣೋದೇ ಇಲ್ಲ. ಆಳದ ತುದೀಲಿ ಅಂಕಣ ಅಡ್ಡಡ್ಡ ಹಾಕಿ. ಗೋಲ್ ಎರಡೂ ಉದ್ದದ ಗೋಡೆಗೆ ಬರುತ್ತೆ, 15 ಮೀಟರ್ ಅಗಲ ತಗೊಂಡರೂ ಕಡಿಮೆ ಆಳ 1.62. ಎರಡೂ ಗೋಲ್‌ಗೆ ಒಂದೇ ಆಳ, ಕಟ್ಟೋದೂ ಸುಲಭ.

ಸೀಟಿ_ಮೇಷ್ಟ್ರು

ಕಟ್ಟೋದು ಸುಲಭ, ನಿಜ. ಆದರೆ 21 ಮೀಟರಲ್ಲಿ ಗೋಲ್ ಚೌಕಟ್ಟಿಗೆ ಎರಡು ಕಡೆ ಒಂದೊಂದು ಮೀಟರ್ ಹೋದರೆ ಉಳಿಯೋದು 19. ಎರಡು 6 ಮೀಟರ್ ಗೆರೆ ಕಳೆದರೆ ನಡುವೆ 7 ಮೀಟರ್. ಕೌಂಟರ್ ಅಟ್ಯಾಕ್ (ಚೆಂಡು ಕಿತ್ತುಕೊಂಡು ತಕ್ಷಣ ಎದುರು ಗೋಲ್‌ಗೆ ಈಜೋದು) ಅನ್ನೋದೇ ಇರಲ್ಲ, ಬರೀ ಗೋಲ್ ಮುಂದೆ ಸೆಂಟರ್ ಫಾರ್ವರ್ಡ್ ಕುಸ್ತಿ. 14 ವರ್ಷದ ಹುಡುಗರಿಗೆ ಸರಿ. ನಿಂತು ಆಡೋದಕ್ಕೆ ಸೀಟಿ ಊದಿ, ಫ್ರೀ ಥ್ರೋ ಎದುರಾಳಿಗೆ ಕೊಡಿ. ಮೊದಲ ಐದು ನಿಮಿಷ ಕಟ್ಟುನಿಟ್ಟಾಗಿದ್ದರೆ ಆಮೇಲೆ ಯಾರೂ ನಿಲ್ಲಲ್ಲ. ಎರಡು ಕ್ವಾರ್ಟರ್ (ಅರ್ಧ ಆಟ) ಆದಮೇಲೆ ತಂಡಗಳು ಬದಿ ಬದಲಿಸ್ತವೆ, ಹಾಗಾಗಿ ಕಡಿಮೆ ಆಳದ ಗೋಲಿನ ಲಾಭ ಇಬ್ಬರಿಗೂ ಸಿಗುತ್ತೆ.

ಅಂತರಸನಹಳ್ಳಿ_ಫ್ಯಾಬ್ರಿಕೇಷನ್

ಗೋಲ್ ಇಲ್ಲೇ ಆಗುತ್ತೆ. 1951ರ ದೆಹಲಿ ಏಷ್ಯನ್ ಗೇಮ್ಸಲ್ಲಿ ಇದೇ ಆಟಕ್ಕೆ ಚಿನ್ನ ತಂದ ದೇಶ ನಮ್ಮದು, ಒಂದು ತೇಲೋ ಗೋಲ್ ಮಾಡೋಕೆ ಆಗದೆ ಏನು.

ಮುಂದಿನ ಚೌಕಟ್ಟಿಗೆ 75 ಮಿ.ಮೀ. ಅಲ್ಯೂಮಿನಿಯಂ ಬಾಕ್ಸ್ ಪೈಪ್, ಬಿಳಿ ಬಣ್ಣ. ಕಂಬಗಳ ಒಳ ಅಂತರ 3 ಮೀಟರ್, ಹಾಗಾಗಿ ಅಡ್ಡಪಟ್ಟಿ 3.15 ಮೀಟರ್ ಕತ್ತರಿಸಬೇಕು. ಇಲ್ಲೇ ಜಾಸ್ತಿ ಎಡವೋದು, 3 ಮೀಟರ್ ಪೈಪ್ ತಂದು ಹಾಗೇ ಜೋಡಿಸಿದರೆ ಗೋಲ್ 15 ಸೆಂ.ಮೀ. ಸಣ್ಣದಾಗುತ್ತೆ. ಕಬ್ಬಿಣ ಬೇಡ, ಜಿಐ (ಸತು ಲೇಪಿಸಿದ ಕಬ್ಬಿಣ) ಕೂಡ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತು ಸುಟ್ಟುಹೋಗಿ ಕ್ಲೋರಿನ್ ನೀರಲ್ಲಿ ಬೇಗ ತುಕ್ಕು ಹಿಡಿಯುತ್ತೆ.

ತೇಲೋಕೆ ಪಕ್ಕಕ್ಕೆ 160 ಮಿ.ಮೀ. ಪಿವಿಸಿ ಪೈಪ್ ಒಂದೊಂದು ಮೀಟರ್, ಹಿಂದೆ ಅಡ್ಡಕ್ಕೆ 110ರದ್ದು. 160ರ ಪೈಪ್ ಮೀಟರಿಗೆ ಸುಮಾರು 20 ಲೀಟರ್ ನೀರು ಸರಿಸುತ್ತೆ, 110ರದ್ದು ಒಂಬತ್ತೂವರೆ. ಹಿಂದೇನೂ 160 ಹಾಕಿದರೆ ಹಿಂಭಾಗ ಎದ್ದು ಅಡ್ಡಪಟ್ಟಿ ಗೋಲಿ ತಲೆ ಮೇಲೆ ವಾಲುತ್ತೆ. ಆಮೇಲೂ ಸ್ವಲ್ಪ ಮುಂದಕ್ಕೆ ಬಾಗಿದರೆ ಹಿಂದಿನ ಪೈಪಿಗೆ ಮರಳು ತುಂಬಿದ ಬಾಟಲಿ ಒಂದೊಂದೇ ಕಟ್ಟಿ, ತೂಕದ ಗುಂಡು ಬಿಟ್ಟು ನೋಡಿ. ಮುಚ್ಚಳ ಅಂಟಿಸೋ ಮೊದಲು ಪೈಪಿನೊಳಗೆ ಥರ್ಮೋಕೋಲ್ ತುಂಬಿಬಿಡಿ, ಅಂಟು ಬಿಟ್ಟು ನೀರು ನುಗ್ಗಿದರೂ ಗೋಲ್ ಮುಳುಗಲ್ಲ. ಕಂಬದ ಬುಡದಲ್ಲಿ ಎರಡೆರಡು ಸೆಂ.ಮೀ.ಗೆ ತೂತು ಹೊಡೆದು ಬೋಲ್ಟ್ ಹಾಕಿ, 90ರ ಅಳತೆ ಬಲೆ ಪೂರ್ತಿ ನೆಂದ ಮೇಲೆ ಹೊಂದಿಸಿ. ಒಣ ಬಲೆಗೆ ಹೊಂದಿಸಿದ್ದು ನೀರಲ್ಲಿ ನಿಲ್ಲಲ್ಲ.

ಕೊಳದ ನಡುವೆ ಬರೋ ಗೋಲ್‌ಗೆ ಹಿಂದೆ ಗೋಡೆ ಇಲ್ಲ. ಹಿಂದಿನ ಎರಡು ಮೂಲೆಯಿಂದ ಪಕ್ಕದ ಗೋಡೆಗಳ ಕೊಕ್ಕೆಗೆ ಓರೆಯಾಗಿ 5 ಮಿ.ಮೀ. ಸ್ಟೀಲ್ ವೈರ್, ಟರ್ನ್‌ಬಕಲ್ (ತಿರುಗಿಸಿ ಬಿಗಿ ಮಾಡೋ ಕೊಂಡಿ) ಹಾಕಿ ಬಿಗೀರಿ. ನೈಲಾನ್ ಹಗ್ಗ ನೆಂದರೆ ಹಿಗ್ಗುತ್ತೆ, ಅರ್ಧ ಆಟದಲ್ಲಿ ಗೋಲ್ ಅತ್ತಿತ್ತ ಜರುಗುತ್ತೆ. ಬೋಲ್ಟ್ ತಲೆ ಎಲ್ಲಾ ಹಿಂಬದಿಗೇ ಇರಲಿ.

ಅಮಾನಿಕೆರೆ_ದಂಡೆ

ತುಂಬಾ ಉಪಕಾರ ಆಯ್ತು ಅಣ್ಣ. 24 ಮೀಟರಿಗೇ ಹೋಗ್ತೀವಿ. ಗಡಿಯಾರ, ಚೆಂಡು?

ಕೋಲಾರ_ಕ್ಯಾಪ್13

ಹೊಸ ನಿಯಮದಲ್ಲಿ ಪುರುಷರಿಗೆ ಚೆಂಡು ಸಿಕ್ಕಾಗ 25 ಸೆಕೆಂಡ್. ಶಾಟ್ ಹೊಡೆದು ರೀಬೌಂಡ್ ಮತ್ತೆ ದಾಳಿ ತಂಡಕ್ಕೇ ಬಂದರೆ, ಕಾರ್ನರ್ ಸಿಕ್ಕರೆ 15. ಹಳೇದು 30 ಮತ್ತು 20. ಗಡಿಯಾರ ನೋಡೋ ಟೇಬಲ್‌ನಲ್ಲಿ ಹೊಸಬರು ಕೂರ್ತಾರಂದ್ರೆ ಹಳೇದನ್ನೇ ಇಟ್ಟುಕೊಳ್ಳಿ, ತಂಡಗಳಿಗೆ ಬರಹದಲ್ಲಿ ಕೊಡಿ. ರೀಸೆಟ್ ತಪ್ಪಾದಷ್ಟು ಜಗಳ ಬೇರೆ ಯಾವುದಕ್ಕೂ ಆಗಲ್ಲ. ಕ್ವಾರ್ಟರ್‌ಗೆ 8 ನಿಮಿಷದ ಆಟದ ಗಡಿಯಾರಕ್ಕೆ ಒಬ್ಬರು, ಈ ಶಾಟ್ ಗಡಿಯಾರಕ್ಕೇ ಅಂತ ಒಬ್ಬರು, ಫೌಲ್ ಬರೆಯೋಕೆ ಇನ್ನೊಬ್ಬರು. ಮೂರು ಪರ್ಸನಲ್ ಫೌಲ್ (ಹೊರಗೆ ಕಳಿಸೋ ಅಥವಾ ಪೆನಾಲ್ಟಿ ಕೊಡೋ ತಪ್ಪು) ಆದವನಿಗೆ ಕೆಂಪು ಬಾವುಟ, ಅವನು ಆ ಪಂದ್ಯಕ್ಕೆ ಮುಗೀತು. ಸೀಟಿ ಬಿದ್ದಾಗಲೆಲ್ಲ ಎರಡೂ ಗಡಿಯಾರ ನಿಲ್ಲೋದರಿಂದ 8 ನಿಮಿಷ ಅಂದಿದ್ದು 13, 14 ನಿಮಿಷ ಎಳೆಯುತ್ತೆ. ಒಂದು ಪಂದ್ಯಕ್ಕೆ ಒಂದೂಕಾಲು ಗಂಟೆ ಇಟ್ಟುಕೊಳ್ಳಿ. ನಾಲ್ಕು ತಂಡ ಲೀಗ್ ಆಡಿದರೆ 6 ಪಂದ್ಯ, ಒಂದೇ ದಿನಕ್ಕೆ ತುರುಕಬೇಡಿ.

ಚೆಂಡು ಪುರುಷರದ್ದೇ ಬೇಕು: ಸುತ್ತಳತೆ 68ರಿಂದ 71 ಸೆಂ.ಮೀ., ತೂಕ 400ರಿಂದ 450 ಗ್ರಾಂ. ಬಿಸಿಲಲ್ಲಿಟ್ಟು ಗಾಳಿ ತುಂಬಬೇಡಿ. ಕಾದ ಚೆಂಡಲ್ಲಿ ಸರಿ ತೋರಿಸಿದ ಒತ್ತಡ ನೀರಿಗೆ ಬಿದ್ದಮೇಲೆ ಇಳಿದು ಚೆಂಡು ಮೆತ್ತಗಾಗುತ್ತೆ. ಸ್ವಲ್ಪ ಹೊತ್ತು ನೀರಲ್ಲಿ ಬಿಟ್ಟು ಆಮೇಲೆ ಅಳೀರಿ. ನಡುಕೊಳದ ಗೋಲ್ ಹಿಂದೆ 25 ಮೀಟರ್ ಖಾಲಿ ನೀರಿರುತ್ತೆ, ಅಲ್ಲಿ ಚೆಂಡು ತರೋಕೆ ಇಬ್ಬರು ಹುಡುಗರು, ಕೈಲಿ ಒಂದೊಂದು ಹೆಚ್ಚುವರಿ ಚೆಂಡು.

ಇನ್ನೊಂದು, ಇಳಿಯೋ ಮೊದಲು ಉಗುರು ನೋಡಿ, ಮೈ ಮುಟ್ಟಿ ನೋಡಿ. ಮೈಗೆ ಎಣ್ಣೆ ಹಚ್ಚಿಕೊಂಡು ಬರೋದು ನಿಯಮದಲ್ಲೇ ನಿಷೇಧ, ಹಿಡಿಯೋಕೆ ಸಿಗಲ್ಲ ಅಂತ. ತಿಪಟೂರು ಕಡೆ ಹುಡುಗರು ತಲೆಗೆ ಕೊಬ್ಬರಿ ಎಣ್ಣೆ ಇಲ್ಲದೆ ಹೊರಡಲ್ಲ, ಅದು ಕ್ಯಾಪ್ ಜಾರಿಸುತ್ತೆ, ಚೆಂಡಿಗೂ ಹತ್ತುತ್ತೆ. ಸೋಪು ಹಾಕಿ ಶವರ್ ಮಾಡಿಸಿಯೇ ನೀರಿಗೆ ಬಿಡಿ.