ಹೊಸ ಯುಕುಲೇಲೆಯಲ್ಲಿ ಎಫ್ ಕಾರ್ಡ್ ಮಾತ್ರ ಅಪಸ್ವರ: ವಾದ್ಯ ಬದಲಿಸಬೇಕಾ?

ಹೊಸಬೆರಳು:
ಎರಡು ವಾರದ ಹಿಂದೆ ಒಂದು ಅಗ್ಗದ ಸೊಪ್ರಾನೋ (ಚಿಕ್ಕ ಅಳತೆಯ) ಯುಕುಲೇಲೆ ಕೊಂಡೆ, ಪುಟ್ಟ ಗಿಟಾರಿನಂಥ ನಾಲ್ಕು ತಂತಿಯ ವಾದ್ಯ. ನನ್ನ ಮೊದಲ ವಾದ್ಯ. ಫೋನಿನ ಟ್ಯೂನರ್ ನೋಡಿಕೊಂಡು ನಾಲ್ಕು ತಂತಿಯನ್ನೂ ಜಿ-ಸಿ-ಇ-ಎ ಸ್ವರಗಳಿಗೆ ಸರಿಯಾಗಿ ಶ್ರುತಿ ಮಾಡುತ್ತೇನೆ. ಸಿ, ಎ ಮೈನರ್ ಕಾರ್ಡ್‌ಗಳು (ಕಾರ್ಡ್ ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸುವುದು) ಎರಡೂ ಕಿವಿಗೆ ಹಿತವಾಗಿವೆ. ಎಫ್ ಹಿಡಿದ ಕೂಡಲೇ ಕೆಡುತ್ತದೆ. ಜಿ ಸೆವೆನ್ ಕೂಡ ಹಾಗೇ. ಬೆರಳೂ ತುಂಬಾ ನೋಯುತ್ತದೆ. ತಪ್ಪು ನನ್ನ ಕೈಯದಾ, ವಾದ್ಯದ್ದಾ? ಬೇರೆಯದೇ ಬೇಕು ಅಂದರೆ, ಜಾಸ್ತಿ ಖರ್ಚಿಲ್ಲದೆ ನುಡಿಸಲು ಬರುವಂಥದನ್ನು ಆರಿಸುವುದು ಹೇಗೆ?

ಸಂಜೆರಾಗ:
ಹೊಸ ನೈಲಾನ್ ತಂತಿಗಳು ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತವೆ. ದಿನಕ್ಕೆ ನಾಲ್ಕೈದು ಸಲ ಶ್ರುತಿ ಮಾಡಿ, ತಾನಾಗಿ ನಿಲ್ಲುತ್ತದೆ.

ಹೊಸಬೆರಳು:
ಆ ಹಂತ ದಾಟಿದೆ. ಈಗ ಬೆಳಿಗ್ಗೆ ಮಾಡಿದ ಶ್ರುತಿ ರಾತ್ರಿಯವರೆಗೂ ನಿಲ್ಲುತ್ತಿದೆ. ಎಫ್ ಮಾತ್ರ ಹಾಗೇ ಇದೆ.

ಹಳೇತಂತಿ:
ಹಾಗಾದರೆ ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಎ ಮೈನರ್‌ನಲ್ಲಿ ಜಿ ತಂತಿಯ ಎರಡನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತುತ್ತೀರಿ, ಅಷ್ಟೇ. ಅದಕ್ಕೆ ಇ ತಂತಿಯ ಮೊದಲನೇ ಫ್ರೆಟ್ ಸೇರಿಸಿದರೆ ಎಫ್. ಜಿ ಸೆವೆನ್‌ನಲ್ಲೂ ಅದೇ ಜಾಗ ಬರುತ್ತದೆ. ಕೆಟ್ಟು ಕೇಳುವ ಎರಡು ಕಾರ್ಡಿಗೂ ಸಮಾನವಾದದ್ದು ಆ ಒಂದು ಸ್ವರ.

ಟ್ಯೂನರ್ ಇಟ್ಟು ಇ ತಂತಿಯನ್ನು ಬಿಟ್ಟು ಮೀಟಿ, ಆಮೇಲೆ ಮೊದಲನೇ ಫ್ರೆಟ್ ಒತ್ತಿ ಮೀಟಿ. ಮೆಲ್ಲಗೆ ಒತ್ತಿ, ಬಲವಾಗಿ ಅದುಮಿದರೂ ಸ್ವರ ಏರುತ್ತದೆ. ಮುಳ್ಳು ಎಲ್ಲಿ ನಿಲ್ಲುತ್ತದೆ? ಇನ್ನೊಂದು: ಇ ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ ಹಿಡಿದು, ಮೊದಲನೇ ಫ್ರೆಟ್ ಮೇಲೆ ಎಷ್ಟು ಸಂದಿ ಇದೆ ನೋಡಿ. ತೆಳುವಾದ ಕಾಗದ ತೂರುವಷ್ಟಿದ್ದರೆ ಸಾಕು. ಕೊನೆಯದಾಗಿ, 12ನೇ ಫ್ರೆಟ್ ಒತ್ತಿ ಮೀಟಿ. ಬಿಟ್ಟ ತಂತಿಯ ಸ್ವರವೇ ಒಂದು ಸ್ಥಾಯಿ ಮೇಲೆ ಕೇಳಬೇಕು.

ಹೊಸಬೆರಳು:
ಬಿಟ್ಟ ತಂತಿ ಸರಿಯಾಗಿದೆ. ಮೊದಲನೇ ಫ್ರೆಟ್‌ನಲ್ಲಿ ಮುಳ್ಳು ಸುಮಾರು 25 ಸೆಂಟ್ಸ್ ಮೇಲೆ ಹೋಗುತ್ತಿದೆ. ಸಂದಿಯಲ್ಲಿ ವಿಸಿಟಿಂಗ್ ಕಾರ್ಡ್ ಎರಡು ಜೋಡಿಸಿದರೂ ತೂರುತ್ತದೆ! 12ನೇ ಫ್ರೆಟ್ ಮಾತ್ರ ಬಹುತೇಕ ಸರಿ.

ಹಳೇತಂತಿ:
25 ಸೆಂಟ್ಸ್ ಅಂದರೆ ಅರ್ಧ ಸ್ವರದ ಕಾಲು ಭಾಗ. ಯಾರ ಕಿವಿಗಾದರೂ ಗೊತ್ತಾಗುತ್ತದೆ. ನಿಮ್ಮ ಕೈಯದು ತಪ್ಪಲ್ಲ. ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ ಇದೆಯಲ್ಲ, ನಟ್, ಅದರಲ್ಲಿರುವ ಕಚ್ಚಿನ ಆಳ ಸಾಲದು. ತಂತಿ ಎತ್ತರದಲ್ಲಿದೆ. ಕೆಳಗೆ ತರುವಷ್ಟರಲ್ಲಿ ಅದು ಎಳೆದು ಬಿಗಿಯಾಗಿ ಸ್ವರ ಏರುತ್ತದೆ. ಬೆರಳು ನೋಯುವುದಕ್ಕೂ ಇದೇ ಕಾರಣ. ಅಗ್ಗದ ವಾದ್ಯಗಳಲ್ಲಿ ನಾನು ಅತಿ ಹೆಚ್ಚು ಕಂಡ ದೋಷ ಇದು. 12ನೇ ಫ್ರೆಟ್ ಸರಿಯಿರುವುದರಿಂದ ವಾದ್ಯ ಒಳ್ಳೆಯದೇ, ಎಸೆಯಬೇಡಿ.

ಮೊದಲು ಮಾರಿದವರನ್ನೇ ಕೇಳಿ, ಸರಿ ಮಾಡಿಕೊಡಬಹುದು. ನೀವೇ ಮಾಡುವುದಾದರೆ ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ. ತಂತಿಯಷ್ಟೇ ಅಗಲದ ಸಣ್ಣ ಅರದಿಂದ ಆ ಕಚ್ಚನ್ನು, ಬಿರಡೆಗಳಿರುವ ತಲೆಯ ಕಡೆಗೆ ಇಳಿಜಾರಾಗಿ, ಎರಡೇ ಎರಡು ಸಲ ಉಜ್ಜಿ. ಮತ್ತೆ ಶ್ರುತಿ ಮಾಡಿ ಅಳೆಯಿರಿ. ಹೀಗೇ ಸ್ವಲ್ಪ ಸ್ವಲ್ಪ. ಅವಸರ ಬೇಡ. ಜಾಸ್ತಿ ಇಳಿಸಿದರೆ ಬಿಟ್ಟ ತಂತಿ ಮೊದಲನೇ ಫ್ರೆಟ್‌ಗೆ ತಾಗಿ ಝೇಂಕರಿಸುತ್ತದೆ. ಆಗ ಅಡುಗೆ ಸೋಡಾ ಪುಡಿ, ಸೂಪರ್ ಗ್ಲೂ ಹಾಕಿ ಕಚ್ಚು ತುಂಬಿ ಮತ್ತೆ ಕೊರೆಯಬೇಕಾಗುತ್ತದೆ.

ಮರದಕಿವಿ:
ಆರಿಸುವ ಬಗ್ಗೆ ನನ್ನ ಮಾತು: ಮರದ ಹೆಸರು, ಕೆತ್ತನೆ, ಬಣ್ಣ ನೋಡಿ ಮರುಳಾಗಬೇಡಿ. ಮೇಲೆ ಹೇಳಿದ ಮೂರು ಪರೀಕ್ಷೆಯನ್ನು ಕೊಳ್ಳುವ ಮುಂಚೆಯೇ ಮಾಡಿ. 12ನೇ ಫ್ರೆಟ್ ಮೇಲೆ ತಂತಿಯ ಎತ್ತರ 3 ಮಿಮೀ ದಾಟಬಾರದು. ಹಲ್ಲುಚಕ್ರದ ಬಿರಡೆ ಇರಲಿ, ಬರೀ ಘರ್ಷಣೆಯ ಮೇಲೆ ನಿಲ್ಲುವ ಅಗ್ಗದ ಬಿರಡೆ ಹೊಸಬರ ತಾಳ್ಮೆ ತಿನ್ನುತ್ತದೆ. ಪದರ ಅಂಟಿಸಿದ ಲ್ಯಾಮಿನೇಟ್ ಮರವನ್ನು ಕೀಳಾಗಿ ನೋಡಬೇಕಿಲ್ಲ. ಹವೆ ಬದಲಾದರೂ ಅದು ಅಷ್ಟಾಗಿ ಸೀಳುವುದಿಲ್ಲ. ಬೆರಳು ದಪ್ಪವಿದ್ದರೆ ಸೊಪ್ರಾನೋ ಬದಲು ಅದಕ್ಕಿಂತ ದೊಡ್ಡ ಅಳತೆಯ ಕಾನ್ಸರ್ಟ್ ನೋಡಿ. ತಂತಿಯ ಉದ್ದ ಸುಮಾರು 15 ಇಂಚು, ಫ್ರೆಟ್‌ಗಳ ನಡುವೆ ಜಾಗ ಹೆಚ್ಚು. ಶ್ರುತಿ ಅದೇ. ಇನ್ನೂ ದೊಡ್ಡ ಬ್ಯಾರಿಟೋನ್ ಮಾತ್ರ ಬೇಡ, ಅದರ ಶ್ರುತಿ ಡಿ-ಜಿ-ಬಿ-ಇ.

ಫ್ಲೈಟ್ ಕಂಪನಿಯ ಟಿಯುಎಸ್ 35ರಂಥ ಮಾದರಿಗಳಲ್ಲಿ ನಟ್ ಪಕ್ಕದಲ್ಲೇ ಝೀರೋ ಫ್ರೆಟ್ ಇದೆ. ಬಿಟ್ಟ ತಂತಿಯೂ ಫ್ರೆಟ್ ಮೇಲೆಯೇ ಕೂರುವುದರಿಂದ ನಿಮಗಾದ ತೊಂದರೆ ಅಲ್ಲಿ ಬರುವುದು ಕಷ್ಟ. ಕಾಲಾ, ಒಹಾನಾ ಕಂಪನಿಗಳ ಶುರುವಿನ ಮಾದರಿಗಳೂ ಚೆನ್ನಾಗಿವೆ, ಆದರೆ ಒಂದೊಂದನ್ನೂ ಕೈಗೆ ತಗೊಂಡು ಅಳೆದೇ ಆರಿಸಿ.

ಹೊಸಬೆರಳು:
ಅರದಿಂದ ಐದು ಸುತ್ತು ಉಜ್ಜಿದೆ, ಪ್ರತಿ ಸುತ್ತಿಗೂ ಅಳೆದು. ಈಗ ಮೊದಲನೇ ಫ್ರೆಟ್‌ನಲ್ಲಿ ಮುಳ್ಳು 6 ಸೆಂಟ್ಸ್ ಹತ್ತಿರ ನಿಂತಿದೆ. ಸಿ ಇಂದ ಎಫ್‌ಗೆ ಹೋದರೆ ಎರಡೂ ಒಂದೇ ವಾದ್ಯದಿಂದ ಬಂದ ಹಾಗೆ ಕೇಳುತ್ತಿದೆ. ಸಿ ತಂತಿಯ ಕೆಳಗೂ ಸ್ವಲ್ಪ ಸಂದಿ ಜಾಸ್ತಿ ಇದೆ, ಅದನ್ನೂ ಮುಟ್ಟಲಾ?

ಹಳೇತಂತಿ:
ಸಿ ತಂತಿಯ ಮೊದಲನೇ ಫ್ರೆಟ್ ಅಳೆದು ನೋಡಿ. 10 ಸೆಂಟ್ಸ್ ಒಳಗಿದ್ದರೆ ಮುಟ್ಟಬೇಡಿ.