ಸಂಗಾತಿ ಪಾತ್ರದ ಒಲವು ಮೊದಲೇ ನಿಗದಿಯಾಗಿರಬೇಕೇ?

ಪ್ರಶ್ನೆ:
2011ರ ‘ಡ್ರ್ಯಾಗನ್ ಏಜ್ 2’ ವಿಡಿಯೊ ಆಟದಲ್ಲಿ ಸಂಗಾತಿ ಪಾತ್ರಗಳಾದ ಆ್ಯಂಡರ್ಸ್, ಫೆನ್ರಿಸ್, ಮೆರಿಲ್, ಇಸಬೆಲಾ ನಾಲ್ವರೂ ನಮ್ಮ ಪಾತ್ರ ಗಂಡಾಗಿರಲಿ ಹೆಣ್ಣಾಗಿರಲಿ ಒಲಿಯುತ್ತಾರೆ. ಅದೇ ಸರಣಿಯ 2014ರ ‘ಇನ್‌ಕ್ವಿಸಿಷನ್’ನಲ್ಲಾದರೋ ಡೋರಿಯನ್ ಗಂಡಸರನ್ನು ಮಾತ್ರ, ಸೆರಾ ಹೆಂಗಸರನ್ನು ಮಾತ್ರ ಪ್ರೀತಿಸುತ್ತಾರೆ. ಸಲಿಂಗಪ್ರೇಮಿ ಆಟಗಾರರನ್ನು ನಿಜವಾಗಿ ಒಳಗೊಳ್ಳುವ ಕ್ರಮ ಇವೆರಡರಲ್ಲಿ ಯಾವುದು?

ಉತ್ತರ 1:
ನನ್ನ ಮತ ಎರಡನೆಯದಕ್ಕೆ. ಡೋರಿಯನ್‌ನ ಒಲವನ್ನೇ ಬದಲಿಸಲು ಅವನ ತಂದೆ ರಕ್ತಮಾಂತ್ರಿಕ ವಿದ್ಯೆಗೆ ಮುಂದಾಗಿದ್ದನೆಂಬ ಸಂಗತಿ, ಆ ಆಟದ ಊರಾದ ರೆಡ್‌ಕ್ಲಿಫ್‌ನ ಪಾನಗೃಹದಲ್ಲಿ ಅವರಿಬ್ಬರೂ ಎದುರುಬದುರಾದಾಗ ಡೋರಿಯನ್‌ನ ಬಾಯಿಂದಲೇ ಹೊರಬೀಳುತ್ತದೆ. ಎಷ್ಟೋ ಮನೆಗಳಲ್ಲಿ ನಡೆಯುವ ಈ ನೋವನ್ನು, ಆಟಗಾರನ ಆಯ್ಕೆಗೆ ತಕ್ಕಂತೆ ಒಲವು ಹೊಂದಿಸಿಕೊಳ್ಳುವ ಪಾತ್ರದ ಮೂಲಕ ಇಷ್ಟು ತೀವ್ರವಾಗಿ ಹೇಳಲಾಗದು.

ಉತ್ತರ 2:
ಬರವಣಿಗೆಯ ಬಗ್ಗೆ ತಾವು ಹೇಳಿದ್ದು ಸರಿ, ಆದರೆ ಆಯ್ಕೆಯ ಕೊರತೆಯನ್ನೂ ಗಮನಿಸಬೇಕು. 2020ರ ‘ಸೈಬರ್‌ಪಂಕ್ 2077’ನಲ್ಲಿ ಗಂಡನ್ನು ಬಯಸುವ ಗಂಡಿಗೆ ನೆಲೆಯಾದ ಸಂಗಾತಿಯಾಗಿ ಸಿಗುವವನು ಕೆರಿ ಒಬ್ಬನೇ, ಅವನ ಕಥೆಯೂ ಬಹಳ ತಡವಾಗಿ ತೆರೆದುಕೊಳ್ಳುತ್ತದೆ. ಅವನು ಮನಸ್ಸಿಗೆ ಹಿಡಿಸದಿದ್ದರೆ ಬೇರೆ ದಾರಿಯಿಲ್ಲ. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಆ ಇಕ್ಕಟ್ಟಿಲ್ಲ, ಅಲ್ಲಿನ ಸಂಗಾತಿ ಅಸ್ಟೇರಿಯನ್ ಯಾರಿಗೆ ಒಲಿದರೂ ಅವನ ಗಾಯ, ಅವನ ಭಯ ಅವನದೇ ಆಗಿ ಉಳಿಯುತ್ತವೆ.

ಉತ್ತರ 3:
ಹಾಗಿದ್ದರೆ ಒಲವು ನಿಗದಿಯಾದ ಪಾತ್ರಗಳೇ ಇರಲಿ, ಆದರೆ ಪ್ರತಿಯೊಬ್ಬ ಆಟಗಾರನಿಗೂ ಕನಿಷ್ಠ ಇಬ್ಬರು ಸಂಗಾತಿಗಳು ಕಥೆಯ ಮೊದಲ ಭಾಗದಲ್ಲಿಯೇ ಸಿಗುವಂತಾಗಲಿ.