ಬೀಡಿ ಕಟ್ಟುವವರ ಡಾಕ್ಯುಮೆಂಟರಿ: ರೆಸಿಡೆನ್ಸಿಗೆ ಹೋಗಲೋ, ಮನೆಯಲ್ಲೇ ಮುಗಿಸಲೋ?

ಬಂಟ್ವಾಳದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ನಮ್ಮೂರಿನ ಬೀಡಿ ಕಟ್ಟುವ ಹೆಂಗಸರ ಬಗ್ಗೆ ಡಾಕ್ಯುಮೆಂಟರಿ ಮಾಡುತ್ತಿದ್ದೇನೆ. ನನ್ನ ದೊಡ್ಡಮ್ಮನೂ ಅದರಲ್ಲಿದ್ದಾರೆ. 60 ಗಂಟೆ ಫುಟೇಜ್ ಇದೆ. ಮಾತು ಜಾಸ್ತಿ ತುಳು, ಸ್ವಲ್ಪ ಬ್ಯಾರಿ ಭಾಷೆ. ಮನೆಯಲ್ಲಿ ಎಡಿಟ್‌ಗೆ ಕೂತರೆ ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಕರೆಯುತ್ತಾರೆ. ಮಳೆಗಾಲದ ಕರೆಂಟಿನ ಕತೆಯಂತೂ ಕೇಳಲೇಬೇಡಿ.

ಗೆಳತಿಯೊಬ್ಬಳು ರೆಸಿಡೆನ್ಸಿಗೆ, ಅಂದರೆ ಕಲಾವಿದರು ಕೆಲವು ವಾರ ಉಳಿದು ತಮ್ಮ ಕೆಲಸ ಮಾಡಲು ಜಾಗ ಕೊಡುವ ಕಡೆಗೆ, ಅರ್ಜಿ ಹಾಕು ಎಂದಳು. ಅಮೆರಿಕದ ಮ್ಯಾಕ್‌ಡವೆಲ್ ಎಂಬ ರೆಸಿಡೆನ್ಸಿಯಲ್ಲಿ ಮಧ್ಯಾಹ್ನದ ಊಟ ಬುಟ್ಟಿಯಲ್ಲಿ ಸ್ಟುಡಿಯೋ ಬಾಗಿಲಿಗೇ ಬರುತ್ತದೆ ಎಂದು ಓದಿದೆ. ನಗುವೂ ಬಂತು, ನಾಚಿಕೆಯೂ ಆಯಿತು. ನಮ್ಮ ದೊಡ್ಡಮ್ಮ ನಿಂತಲ್ಲೇ ಗಂಜಿ ಕುಡಿದು, ಇವತ್ತಿನ ಸಾವಿರ ಬೀಡಿ ಆಗಿಲ್ಲ ಅಂತ ಮತ್ತೆ ತಡ್ಪೆ (ಮೊರ) ಎದುರು ಕೂರುವವರು. ಅವರ ಬೆನ್ನು ನೋವನ್ನು ಶೂಟ್ ಮಾಡಿಕೊಂಡು ಹೋಗಿ ನಾನು ಬುಟ್ಟಿ ಊಟ ಮಾಡುವುದಾ ಮಾರಾಯ್ರೆ? ಮತ್ತೆ ಅರ್ಜಿಯೆಲ್ಲ ಇಂಗ್ಲಿಷಿನಲ್ಲೇ ಇರಬೇಕಾ?

ಸೌಂಡ್ ಸೀನ:
ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು. 1995ರಿಂದ ಗ್ರಾಂಟ್ ಕೊಡುತ್ತಿದ್ದಾರೆ. ಆದರೆ ಅವರು ಕೊಡುವುದು ಪ್ರಾಜೆಕ್ಟಿಗೆ ದುಡ್ಡು, ಇರಲು ಕೋಣೆಯಲ್ಲ. ರೆಸಿಡೆನ್ಸಿಯೇ ಬೇಕೆಂದರೆ ದೆಹಲಿಯ ಖೋಜ್ ಇದೆ, ಬೆಂಗಳೂರಿನಲ್ಲೇ 1ಶಾಂತಿರೋಡ್ ಇದೆ. ಎರಡೂ ಕಡೆ ಚಿತ್ರ, ಇನ್‌ಸ್ಟಲೇಶನ್ ಮಾಡುವವರ ಒಡನಾಟ ಹೆಚ್ಚು.

ಮಲೆನಾಡಿಗ:
ಅಷ್ಟು ದೂರ ಯಾಕೆ? ವಿಮಾನದ ದುಡ್ಡಿನಲ್ಲಿ ಸಾಗರದ ಕಡೆ ಮೂರು ತಿಂಗಳು ಮನೆ ಬಾಡಿಗೆಗೆ ಸಿಗುತ್ತದೆ. ಫೋನ್ ಸ್ವಿಚ್ ಆಫ್ ಮಾಡಿ ಕೂತರೆ ಅದೇ ರೆಸಿಡೆನ್ಸಿ.

ಹಳೇ ಟ್ರೈಪಾಡ್:
ಮಲೆನಾಡಿಗರೇ, ನಾನೂ ಹಾಗೇ ಅಂದುಕೊಂಡಿದ್ದೆ. ಬಾಡಿಗೆ ಮನೆಯಲ್ಲಿ ಏಕಾಂತ ಸಿಗುತ್ತದೆ, ಹೌದು. ಇನ್ನೊಬ್ಬರ ಕಣ್ಣು ಸಿಗುವುದಿಲ್ಲ.

ನಾನು ಕೆಜಿಎಫ್‌ನಲ್ಲಿ ಶೂಟ್ ಮಾಡಿದವನು. ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಗಣಿ ಹೋದರೂ ಜನ ಕ್ವಾರ್ಟರ್ಸ್‌ನಲ್ಲೇ ಉಳಿದರು. ಅಲ್ಲಿ ಒಬ್ಬ ತಾತನನ್ನು ಎರಡು ವರ್ಷ ಶೂಟ್ ಮಾಡಿದೆ. ಅವರದು ತಮಿಳು, ನನಗೆ ಅರ್ಧಂಬರ್ಧ. ಹಾಗಾಗಿ ನನ್ನ ಗಮನವೆಲ್ಲ ಮಾತಿನ ಮೇಲೆ. ಆಮೇಲೆ ಒಂದು ರೆಸಿಡೆನ್ಸಿಗೆ ಹೋದೆ. ಹೆಸರು ಬೇಡ, ಯಾಕೆಂದರೆ ಬೈಯುವುದಿದೆ. ಎಡಿಟ್ ಸೂಟ್ ಇದೆ ಎಂದಿದ್ದರು. ಹೋಗಿ ನೋಡಿದರೆ ಒಂದು ಟೇಬಲ್, ಒಂದು ಪ್ಲಗ್ ಪಾಯಿಂಟ್. ಮೊದಲ ವಾರ ಸಿಟ್ಟಿನಲ್ಲೇ ಕಳೆಯಿತು.

ಎರಡನೇ ವಾರ ಪಕ್ಕದ ಕೋಣೆಯ ಚಿತ್ರಕಲಾವಿದೆಗೆ ಇಪ್ಪತ್ತು ನಿಮಿಷದ ರಫ್ ಕಟ್ (ಮೊದಲ ಒರಟು ಜೋಡಣೆ) ತೋರಿಸಿದೆ. ಸಬ್‌ಟೈಟಲ್ ಇರಲಿಲ್ಲ, ಅವರಿಗೆ ಒಂದು ಪದವೂ ಗೊತ್ತಾಗಲಿಲ್ಲ. ಮುಗಿದ ಮೇಲೆ ಕೇಳಿದರು, "ಈ ಅಜ್ಜ ಮಾತಿನ ಮಧ್ಯೆ ಗೋಡೆಯ ಕಡೆ ಏನು ನೋಡುತ್ತಾರೆ?" ಗೋಡೆಯ ಮೇಲೆ ಗಡಿಯಾರ. ಫುಟೇಜ್ ತೆಗೆದು ಟೈಮ್ ನೋಡಿದೆ. ಎಲ್ಲ ಸಲವೂ ಮಧ್ಯಾಹ್ನ ಎರಡರ ಆಸುಪಾಸು! ಗಣಿ ನಡೆಯುವಾಗ ಅದು ಅವರು ಶಿಫ್ಟಿಗೆ ಹೊರಡುವ ಹೊತ್ತು. ನಾನು ಎರಡು ವರ್ಷ ಎದುರೇ ಕೂತಿದ್ದೆ, ಕಂಡಿರಲಿಲ್ಲ. ಸಿನಿಮಾ ಅಲ್ಲಿಂದಲೇ ಶುರುವಾಗುವ ಹಾಗೆ ಮತ್ತೆ ಕಟ್ ಮಾಡಿದೆ.

ತಂಗೀ, ಬುಟ್ಟಿ ಊಟಕ್ಕೆ ನಾಚಬೇಡಿ. ನಾಚಿಕೆಯಾಗಬೇಕಾದ್ದು ಖಾಲಿ ಕೈಯಲ್ಲಿ ಹೋದರೆ. ಹೊರಡುವ ಮುಂಚೆ 60 ಗಂಟೆಯನ್ನೂ ಲಾಗ್ ಮಾಡಿ (ಯಾವ ನಿಮಿಷದಲ್ಲಿ ಏನಿದೆ ಎಂದು ಪಟ್ಟಿ ಮಾಡಿ), ತುಳು, ಬ್ಯಾರಿ ಮಾತುಗಳನ್ನು ಊರಿನವರ ಜೊತೆ ಕೂತು ಬರೆದುಕೊಳ್ಳಿ. ಅಲ್ಲಿ ಕೂತು ದೊಡ್ಡಮ್ಮನಿಗೆ ಫೋನ್ ಹಚ್ಚಿ ಅರ್ಥ ಕೇಳುತ್ತಿದ್ದರೆ ವಾರಗಳು ಕರಗುತ್ತವೆ. ಮ್ಯಾಕ್‌ಡವೆಲ್ 1907ರಿಂದ ಇದೆ, ಇರುವುದಕ್ಕೆ ದುಡ್ಡು ಕೇಳುವುದಿಲ್ಲ, ಸಿನಿಮಾದವರನ್ನೂ ತೆಗೆದುಕೊಳ್ಳುತ್ತಾರೆ. ಅಂಥಲ್ಲಿ ಅರ್ಜಿ ಇಂಗ್ಲಿಷಿನಲ್ಲೇ. ಭಾಷೆ ಸಾದಾ ಇದ್ದರೂ ಪರವಾಗಿಲ್ಲ, ಕಳಿಸುವ ಸ್ಯಾಂಪಲ್ಲಿಗೆ ಸಬ್‌ಟೈಟಲ್ ಸರಿಯಾಗಿರಲಿ. ಅಷ್ಟು ಕಡೆಯ ಅರ್ಜಿಗಳ ಮಧ್ಯೆ ನೋಡುವವರು ಮೊದಲ ಎರಡು ನಿಮಿಷದಲ್ಲೇ ನಿಮ್ಮನ್ನು ಅಳೆಯುತ್ತಾರೆ ಅಂದುಕೊಳ್ಳಿ. ವೀಸಾ, ಟಿಕೆಟ್ ಯಾರ ಖರ್ಚು ಅಂತ ಮೊದಲೇ ಕೇಳಿ. ನಾನು ಕೇಳದೆ ಹೋಗಿ ಸಾಲ ಮಾಡಿದೆ.

ಇನ್ನೊಂದು. ರಫ್ ಕಟ್ ಊರಿಗೆ ತಂದು ಅವರೆಲ್ಲರಿಗೆ ತೋರಿಸುವ ದಿನವನ್ನು ಈಗಲೇ ಗೊತ್ತು ಮಾಡಿ. ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ವಿಷಯ ಮಾತಾಡಿದ ಹೆಂಗಸಿಗೆ ನಾಳೆ ಅಲ್ಲಿಂದಲೇ ಎಲೆ, ತಂಬಾಕು ಬರಬೇಕು, ಅಲ್ವಾ? ಯಾವ ಮಾತು ಇರಬೇಕು, ಯಾವುದು ಬೇಡ ಅಂತ ಅವರು ಹೇಳಲಿ. ಫೈನಲ್ ಆದ ಮೇಲೆ ತೋರಿಸಿದರೆ ಪ್ರಯೋಜನವಿಲ್ಲ.

ಬಂಟ್ವಾಳದ ಹುಡುಗಿ:
ಸರ್, ಇದನ್ನು ಓದಿ ನಿನ್ನೆ ರಾತ್ರಿ ಸೌಂಡ್ ಆಫ್ ಮಾಡಿ ಒಂದು ಗಂಟೆ ಫುಟೇಜ್ ನೋಡಿದೆ. ದೊಡ್ಡಮ್ಮ ಎಲೆ ಕತ್ತರಿಸುತ್ತಾರೆ, ತಂಬಾಕು ತುಂಬುತ್ತಾರೆ, ಸುತ್ತುತ್ತಾರೆ, ನೂಲು ಕಟ್ಟುತ್ತಾರೆ. ಕೈ ನಿಲ್ಲುವುದೇ ಇಲ್ಲ. ಒಂದು ಗಂಟೆಯಲ್ಲಿ ಎರಡೇ ಸಲ ನಿಂತಿತು. ಸೌಂಡ್ ಹಾಕಿ ನೋಡಿದರೆ, ಎರಡು ಸಲವೂ ಕ್ಯಾಮೆರಾ ಹಿಂದಿನಿಂದ ನಾನು ಏನೋ ಕೇಳಿದಾಗ. ಸಾವಿರ ತಡವಾಗಿದ್ದು ನನ್ನಿಂದಲೇ ಇರಬೇಕು. ಸದ್ಯಕ್ಕೆ ಲಾಗ್ ಶುರು ಮಾಡಿದ್ದೇನೆ, 4 ಗಂಟೆಯದು ಮುಗಿಯಿತು. ಬ್ಯಾರಿ ಬರೆದುಕೊಡಲು ಪಕ್ಕದ ಮನೆಯ ಐಸಮ್ಮ ಒಪ್ಪಿದ್ದಾರೆ, ಸಂಜೆ ಆರರ ನಂತರ, ಬೀಡಿ ಬ್ರಾಂಚಿಗೆ ಕೊಟ್ಟು ಬಂದ ಮೇಲೆ.